ಹತ್ತೊಂಬತ್ತು ಕಪ್ಪು ಚಿತ್ರಗಳು

ಕಿಟಕಿ ಎಡಗಡೆ ಇದೆ ಅಂದಿದ್ದೆನೋ, ಬಲಗಡೆ ಅಂದಿದ್ದೆನೋ? ಎಡಗಡೆಯೇ ಇರಬೇಕು. ಬೆಳಕು ಬಲಗೆನ್ನೆಯ ಮೇಲೆ ಬೀಳುತ್ತಿದೆ ಎಂದು ಹೇಳಿದ ನೆನಪಿದೆ. ಆದರೆ ಹಾಗೆ ಹೇಳಿದ್ದು ನಿನ್ನೆಯೋ ಮೊನ್ನೆಯೋ? ನಡುವೆ ಅಣ್ಣ ಏನನ್ನಾದರೂ ಬದಲಿಸಲು ಹೇಳಿದ್ದನೋ?

ಅವನ ಎದುರಿನ ಪರದೆಯ ಮೇಲೆ ಕಿಟಕಿಯೇ ಇರಲಿಲ್ಲ. ಬೆಳಕೂ ಇರಲಿಲ್ಲ, ಕೆನ್ನೆಯೂ ಇರಲಿಲ್ಲ. ಒಂದು ಕಪ್ಪು ಚೌಕವಿತ್ತು, ಅಷ್ಟೆ. ಅದರ ನುಣುಪಿನಲ್ಲಿ ಅವನ ಕನ್ನಡಕ ಮಾತ್ರ ಕಾಣುತ್ತಿತ್ತು.

"ಕುದುರೆ ನಿಂತಿತಲ್ಲ," ಅಂದ ಅಣ್ಣ, ಹಿಂದಿನ ಕುರ್ಚಿಯಿಂದ. "ಏನು ಹೊತ್ಕೊಂಡು ಬಂತು, ಹೇಳು."

ಕುದುರೆ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ತಮ್ಮನಾದ ಅವನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕ. ಓದಿದ್ದು ತತ್ವಶಾಸ್ತ್ರ, ಹೊಟ್ಟೆಪಾಡು ತಂತಿಗಳದ್ದು. ಲ್ಯಾಬು ಗುಜರಿಗೆ ಹಾಕಿದ ಯಂತ್ರವೊಂದರಿಂದ ಬಿಚ್ಚಿ ತಂದ ಆ ಕಾರ್ಡಿಗೆ ಒಂಬತ್ತು ವರ್ಷವಾಗಿತ್ತು. ಚಿತ್ರ ಮಾಡುವ ಹೊತ್ತಿಗೆ ಅದರ ಫ್ಯಾನು ಏದುಸಿರು ಬಿಡುತ್ತಿತ್ತು. ಕೆಲಸ ಮುಗಿದಾಗ ನಿಟ್ಟುಸಿರಿನಂತೆ ಇಳಿಯುತ್ತಿತ್ತು. ಅಣ್ಣನಿಗೆ ಕಣ್ಣು ಹೋಗಿ ಎರಡು ವರ್ಷ. ಆದರೆ ಆ ಇಳಿತ ಮಾತ್ರ ಅವನ ಕಿವಿ ತಪ್ಪುತ್ತಿರಲಿಲ್ಲ. ಅದಕ್ಕೇ "ಇನ್ನೂ ಆಗ್ತಿದೆ" ಎಂದು ಸುಳ್ಳು ಹೇಳುವಂತಿರಲಿಲ್ಲ. ಬೇರೆ ಸುಳ್ಳೇ ಹೇಳಬೇಕಿತ್ತು.

"ಕಿಟಕಿ ಎಡಗಡೆ," ಎಂದ ಅವನು.

"ಅದು ಗೊತ್ತು. ಮುಖ ಹೇಳು."

ಅಣ್ಣ ಮೂವತ್ತು ವರ್ಷ ಒಂದು ಫೋಟೋ ಸ್ಟುಡಿಯೋಗೆ ಪರದೆ ಬರೆದವನು. ಜನ ಎದುರಿಗೆ ನಿಂತು ಫೋಟೋ ತೆಗೆಸಿಕೊಳ್ಳುವ ಬಟ್ಟೆಯ ಪರದೆಗಳು: ಮೆಟ್ಟಿಲು, ಕೊಳ, ಮೋಡ. ಊರಿನ ಅರ್ಧ ಜನ ಅವನ ಮೋಡಗಳ ಕೆಳಗೆ ನಿಂತಿದ್ದರು. ಅವನ ಹೆಂಡತಿ ಮಾತ್ರ ಎಂದೂ ನಿಲ್ಲಲಿಲ್ಲ. "ಮನೆಯವರ ಫೋಟೋ ಯಾವಾಗ ಬೇಕಾದ್ರೂ ತೆಗೆಸಬಹುದು," ಅನ್ನುತ್ತಿದ್ದ ಅಣ್ಣ. ಅತ್ತಿಗೆ ಒಂದು ವಾರದ ಜ್ವರದಲ್ಲಿ ಹೋದಳು. ಮಗಳು ಗುಬ್ಬಿಗೆ ಆಗ ಮೂರು ವರ್ಷ. ಇದ್ದ ಒಂದೇ ಆಲ್ಬಮ್ಮು, ಮೇಲಿನ ಮನೆಯ ನೀರಿನ ಪೈಪು ಒಡೆದಾಗ ತೊಯ್ದು, ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಯಿತು. ಅದನ್ನು ಬಿಡಿಸಲು ಹೋದವರ ಕೈಗೆ ಬಣ್ಣದ ಸಿಪ್ಪೆ ಬಂತು, ಮುಖ ಬರಲಿಲ್ಲ.

ಹಾಗಿದ್ದರೂ ಅಣ್ಣ ಚಿಂತೆ ಮಾಡಿರಲಿಲ್ಲ, ಮುಖ ತನ್ನ ತಲೆಯಲ್ಲಿದೆ ಎಂದುಕೊಂಡಿದ್ದ. ಕಣ್ಣು ಹೋದ ಮೇಲೆ ಒಂದು ದಿನ, ಊಟದ ನಡುವೆ ಕೈ ನಿಲ್ಲಿಸಿ ಹೇಳಿದ:

"ಅವಳ ಹುಬ್ಬು ನೆನಪಾಗ್ತಿಲ್ಲ ಕಣೋ."

ಕೈಯ ತುತ್ತನ್ನು ತಟ್ಟೆಗೇ ಇಳಿಸಿದ.

"ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ದಿನಕ್ಕೊಂದು ಚೂರು ಹೋಗ್ತಿದೆ. ಹೊಸದು ನೋಡದೆ ಇದ್ರೆ ಹಳೇದೂ ನಿಲ್ಲಲ್ಲ ಅನ್ಸುತ್ತೆ."

ಮಾತು ಹೇಳಿದರೆ ಚಿತ್ರ ಮಾಡುವ ಸಾಫ್ಟ್‌ವೇರಿನ ಸುದ್ದಿಯನ್ನು ತಮ್ಮನೇ ತೆಗೆದ. ತಪ್ಪು ಅಲ್ಲಿಂದಲೇ ಶುರುವಾಯಿತೋ ಏನೋ. ಅಣ್ಣ ಮಗುವಿನಂತೆ ಅದನ್ನೇ ಹಿಡಿದುಕೊಂಡ. "ನನಗೆ ಕಣ್ಣಿಲ್ಲ, ಬಾಯಿದೆಯಲ್ಲ! ನಾನು ಹೇಳ್ತೀನಿ, ನೀನು ಟೈಪ್ ಹೊಡಿ, ಅದು ಬರೀಲಿ. ಪೂರ್ತಿ ಹೋಗೋದ್ರೊಳಗೆ ಗುಬ್ಬಿಗೆ ಅವಳ ಅಮ್ಮನ್ನ ತೋರಿಸಿಬಿಡ್ತೀನಿ." ಒಂದು ಷರತ್ತು ಹಾಕಿದ. ಪೂರ್ತಿ ಆಗುವವರೆಗೆ ಗುಬ್ಬಿ ನೋಡಬಾರದು. ಅರ್ಧ ಬರೆದ ಪರದೆಯನ್ನು ಅವನು ಸ್ಟುಡಿಯೋ ಯಜಮಾನನಿಗೂ ತೋರಿಸಿದವನಲ್ಲ.

ಮೊದಲ ಮೂರು ವಾರ ಬರೀ ಎಡವಿದ್ದು. ಲ್ಯಾಬಿನಿಂದ ಎರಡು ಗಂಟೆಗೆ ಬಂದವನು ಕತ್ತಲಾಗುವವರೆಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನೊಂದಿಗೆ ಗುದ್ದಾಡುತ್ತಿದ್ದ. ಸಾಫ್ಟ್‌ವೇರಿನ ಹೊಸ ಆವೃತ್ತಿ ಹಳೆಯ ಕಾರ್ಡನ್ನು ಗುರುತಿಸಲು ಒಪ್ಪಲಿಲ್ಲ. ಹಳೆಯ ಆವೃತ್ತಿ, ಕಾರ್ಡನ್ನು ಓಡಿಸುವ ಹೊಸ ಡ್ರೈವರ್ ಪ್ರೋಗ್ರಾಮನ್ನು ಒಪ್ಪಲಿಲ್ಲ. ಡ್ರೈವರನ್ನು ಹಳೆಯದಕ್ಕೆ ಇಳಿಸಿದ ದಿನ ಕಂಪ್ಯೂಟರೇ ಏಳಲಿಲ್ಲ, ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿನುಗುತ್ತ ಕೂತಿತು. ಎರಡು ಸಲ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದ. ಆಮೇಲೆ "ಮೆಮೊರಿ ಸಾಲದು" ಎಂಬ ತಕರಾರು. ಚಿತ್ರದ ಅಳತೆ ಕುಗ್ಗಿಸಿದ.

ಪ್ರತಿ ಸಂಜೆ ಅಣ್ಣ ಕೇಳುತ್ತಿದ್ದ, "ಏನಾಯ್ತೋ?"

"ಇವತ್ತಾಗಲಿಲ್ಲ."

"ಕುದುರೆ ಮುದಿಯಾಯ್ತೋ, ಸವಾರಂಗೆ ಬರಲ್ವೋ?"

ನಗುತ್ತಲೇ ಹೇಳುತ್ತಿದ್ದ. ಆದರೆ ಗಡ್ಡ ಬೋಳಿಸಿಕೊಳ್ಳುವುದನ್ನು ಬಿಟ್ಟಿದ್ದ, ಊಟ ಅರ್ಧಕ್ಕೇ ಸಾಕೆನ್ನುತ್ತಿದ್ದ. ಒಮ್ಮೆ, "ನಗು ಹೋಯ್ತು," ಎಂದ. ಯಾರ ನಗು ಎಂದು ಕೇಳುವ ಅಗತ್ಯವಿರಲಿಲ್ಲ.

ಇಪ್ಪತ್ತೆರಡನೆಯ ದಿನ ತಕರಾರಿಲ್ಲದೆ ಓಡಿತು. ಅತ್ತಿಗೆ ಕಿಟಕಿಯ ಪಕ್ಕ ಕೂತು, ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುತ್ತಿರುವ ಚಿತ್ರ ಬೇಕೆಂದು, ಮೂಗು ತುಸು ಅಗಲವೆಂದು ಅಣ್ಣ ಹೇಳಿದ್ದ. ಅವನು ಅದನ್ನು ಯಂತ್ರಕ್ಕೆ ತಿಳಿಯುವ ಮಾತಿಗೆ ತಿರುಗಿಸಿ ಟೈಪ್ ಮಾಡಿದ. ಹನ್ನೊಂದು ನಿಮಿಷ ಫ್ಯಾನು ಏದುಸಿರು ಬಿಟ್ಟಿತು. ಅಣ್ಣ ಕುರ್ಚಿಯ ತುದಿಗೆ ಬಂದು ಕೂತಿದ್ದ. ಫ್ಯಾನು ಇಳಿಯಿತು. ಕಪ್ಪು ಚೌಕ ಬಂತು.

"ಬಂತಾ?"

ಬಹುಶಃ ತೋರಿಸುವುದರಲ್ಲಿ ಏನೋ ಎಡವಟ್ಟು, ನಾಳೆ ಸರಿಮಾಡಿದರಾಯಿತು ಎಂದುಕೊಂಡ. ತಿರುಗಿ ನೋಡಿದ. ಅಣ್ಣನ ಕುರುಡು ಕಣ್ಣುಗಳು ಪರದೆಯ ಕಡೆಗೇ ಇದ್ದವು, ಬಾಯಿ ಸ್ವಲ್ಪ ತೆರೆದಿತ್ತು.

"ಬಂತು," ಎಂದ.

ಅಣ್ಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅಂಗೈಗಳ ಒಳಗಿಂದಲೇ, "ಹೇಳು," ಅಂದ.

ಅವನು ಹೇಳಿದ. ಅತ್ತಿಗೆ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಅವನ ಶಾಲೆಯ ಅಂಗಿಗಳಿಗೆ ಗುಂಡಿ ಹೊಲಿದವಳು ಅವಳೇ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಿದ್ದುದು, ಪೋಣಿಸಲು ಬರದಿದ್ದಾಗ ಸೂಜಿಗೆ ಬೈಯುತ್ತಿದ್ದುದು, ನೀಲಿ ಸ್ವೆಟರಿನ ಸಡಿಲವಾದ ತೋಳು, ನೆನಪಿದ್ದಷ್ಟನ್ನೂ ಕಪ್ಪು ಚೌಕದಿಂದ ಓದಿ ಹೇಳಿದ. ಅಣ್ಣ ಆ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡ.

"ಏನಪ್ಪಾ, ಗಡ್ಡ ಬೋಳಿಸಿದೀಯ! ಹೆಣ್ಣು ನೋಡೋಕೆ ಹೊರಟ್ಯಾ?" ಎಂದಳು ಗುಬ್ಬಿ ಮರುದಿನ. ಅವಳು ಹಲ್ಲಿನ ಡಾಕ್ಟರರ ಬಳಿ ಕೆಲಸಕ್ಕಿದ್ದಳು, ಏಳು ಗಂಟೆಗೆ ಬರುತ್ತಿದ್ದಳು.

"ನೋಡಿ ಆಯ್ತು," ಅಂದ ಅಣ್ಣ.

ಹೀಗೆ ದಿನಕ್ಕೊಂದು. ಅಣ್ಣ ತಿದ್ದುತ್ತಿದ್ದ: ಬೆಳಕು ಸ್ವಲ್ಪ ಕಡಿಮೆ ಮಾಡು, ಕತ್ತು ಇನ್ನೂ ಬಾಗಲಿ. ಅವನು ಟೈಪ್ ಮಾಡುತ್ತಿದ್ದ. ಫ್ಯಾನು ಏರುತ್ತಿತ್ತು, ಇಳಿಯುತ್ತಿತ್ತು. ಕಪ್ಪು ಬರುತ್ತಿತ್ತು. ಅವನು ತಿದ್ದಿದ ಚಿತ್ರವನ್ನು ವರ್ಣಿಸುತ್ತಿದ್ದ. "ಕಣ್ಣಿಗೆ ಕಟ್ಟಿದ ಹಾಗೆ ಹೇಳ್ತೀಯ ಬಿಡು," ಎನ್ನುತ್ತಿದ್ದ ಅಣ್ಣ. ಅಣ್ಣ ಹೇಳಿದ್ದು, ತಾನು ಹೇಳಿದ್ದು ಮರೆಯದಿರಲೆಂದು ಅವನು ಕಪ್ಪು ಚೌಕದ ಪಕ್ಕದಲ್ಲೇ ಒಂದು ಕಡತ ತೆರೆದು ಬರೆದುಕೊಳ್ಳುತ್ತಿದ್ದ. ಕೀಲಿಮಣೆಯ ಸದ್ದಿಗೆ ಅಣ್ಣ ಅನುಮಾನ ಪಡುತ್ತಿರಲಿಲ್ಲ. ಬರೆಯಲು ಮರೆತ ಮರುದಿನ ಹೀಗೆ ಕಿಟಕಿಗಾಗಿ ತಡಕಾಡಬೇಕಾಗುತ್ತಿತ್ತು.

ಆರನೆಯ ದಿನ ಅವನ ಬಳಿ ಹೇಳಲು ಏನೂ ಉಳಿದಿರಲಿಲ್ಲ. ಅಣ್ಣ ಕಾಯುತ್ತಿದ್ದ. ಅವನು ಬಾಯಿಗೆ ಬಂದಂತೆ, "ಎಡಹುಬ್ಬಿನ ಮೇಲೆ ಆ ಮಚ್ಚೆ," ಎಂದುಬಿಟ್ಟ.

"ಮಚ್ಚೆಯಾ?"

ಯಂತ್ರ ತಾನಾಗಿ ಹಾಕಿದೆ, ತೆಗೆದುಬಿಡುತ್ತೇನೆ ಎನ್ನಬಹುದಿತ್ತು. ಹೇಳಿದ್ದು ಬೇರೆ. "ಇತ್ತಲ್ಲ ಅಣ್ಣ, ಸಣ್ಣದು."

ಅಣ್ಣ ಹಣೆ ಉಜ್ಜಿಕೊಂಡ. "ಇದ್ದಿರಬೇಕು. ನಾನು ಹಗಲೆಲ್ಲಾ ಸ್ಟುಡಿಯೋದಲ್ಲಿ ಬಿದ್ದಿರ್ತಿದ್ದೆ. ಬೆಳಕಲ್ಲಿ ಅವಳನ್ನ ನೋಡಿದೋನು ನೀನೇ."

ಆಮೇಲೆ ತಮ್ಮನ ವರ್ಣನೆಯಲ್ಲಿ ಮೂಗು ನೇರವಾಯಿತು, ನಗು ಓರೆಯಾಯಿತು. ಮಚ್ಚೆಯ ಮಾತಾಗಿ ನಾಲ್ಕು ದಿನದ ಮೇಲೆ ಅಣ್ಣ ತಾನಾಗಿಯೇ ಹೇಳಿದ: "ಸಿಟ್ಟು ಬಂದ್ರೆ ಅವಳು ಆ ಮಚ್ಚೆ ಮೇಲೆ ಬೆರಳಿಡೋಳು, ಅಲ್ವೇನೋ? ಹೀಗೆ." ತನ್ನ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದ. ಅವನ ಮುಖದಲ್ಲಿ ಕಳೆದದ್ದು ಸಿಕ್ಕವನ ಹೊಳಪಿತ್ತು.

ಅತ್ತಿಗೆಗೆ ಮಚ್ಚೆ ಇರಲಿಲ್ಲ. ಆ ಮಚ್ಚೆ ಲ್ಯಾಬಿನ ಪಕ್ಕದ ಲೈಬ್ರರಿಯಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುವ ಹೆಂಗಸಿನದು.

ಅಂದಿನಿಂದ ಅವನು ಕಾರ್ಡಿನ ಹಿಂದೆ ಬಿದ್ದ. ನಿಜವಾದ ಚಿತ್ರ ಒಂದು ಬಂದುಬಿಟ್ಟರೆ ಸುಳ್ಳನ್ನೆಲ್ಲ ಅದರ ಕೆಳಗೆ ಮುಚ್ಚಿಹಾಕಬಹುದು ಎಂಬ ಆಸೆ. ಹಳೆಯ ಕಾರ್ಡುಗಳವರು ಗೋಳು ತೋಡಿಕೊಳ್ಳುವ ಅಂತರ್ಜಾಲದ ಜಗಲಿಯೊಂದರಲ್ಲಿ ತನ್ನ ಕಷ್ಟ ಬರೆದ. ಒಂಬತ್ತು ದಿನದ ಮೇಲೆ, 'ತುಕ್ಕು' ಎಂಬ ಅಡ್ಡಹೆಸರಿನ ಯಾರೋ ಉತ್ತರಿಸಿದ್ದರು: "ಮೆಮೊರಿ ಉಳಿಸೋಕೆ ಸಾಫ್ಟ್‌ವೇರು ಸಂಖ್ಯೆಗಳನ್ನ ಅರ್ಧ ಅಳತೆಯಲ್ಲಿ ಇಡುತ್ತೆ. ನಿಮ್ಮ ಕಾರ್ಡಿಗೆ ಅದು ಆಗಿಬರಲ್ಲ. ದಾರೀಲಿ ಸಂಖ್ಯೆ ಕಳೆದು ಹೋಗುತ್ತೆ, ಕಳೆದ ಕಡೆ ಕಪ್ಪು ಬಳಿಯುತ್ತೆ. ಪೂರ್ತಿ ಅಳತೆಯಲ್ಲೇ ಓಡಿಸಿ. ನಿಧಾನ ಆಗುತ್ತೆ, ತಾಳ್ಮೆ ಇರಲಿ. ನನ್ನದೂ ಇದೇ ಮುದಿ ಕಾರ್ಡು." ಕೆಳಗೆ, ಸಾಫ್ಟ್‌ವೇರನ್ನು ಎಬ್ಬಿಸುವ ಆಜ್ಞೆಯ ಕೊನೆಗೆ ಸೇರಿಸಬೇಕಾದ ಒಂದೇ ಒಂದು ಪದ.

ಒಂದು ಪದ. ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ, ಅಣ್ಣ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಆ ಪದ ಸೇರಿಸಿದ. ಕಡತದ ಆರಂಭಕ್ಕೆ ಹೋಗಿ, ಮೊದಲ ದಿನ ಅಣ್ಣ ಹೇಳಿದ ಮಾತುಗಳನ್ನೇ ಹಾಕಿದ, ಅಣ್ಣನ ಸ್ವಂತ ನೆನಪಿನವು, ಮಚ್ಚೆ ಬರುವುದಕ್ಕೆ ಮುಂಚಿನವು. ನಲವತ್ತು ನಿಮಿಷ ಹಿಡಿಯಿತು.

ಕಿಟಕಿ ಬಂತು. ನೀಲಿ ಬಣ್ಣ ಬಂತು. ಸೂಜಿ ಹಿಡಿದ ಕೈಗೆ ಆರು ಬೆರಳಿದ್ದವು. ಆದರೆ ಮುಖ! ಅಗಲವಾದ ಮೂಗು, ಮುಚ್ಚಿದ ಕಣ್ಣಿನ ಕೆಳಗಿನ ಸುಕ್ಕು, ಬೈಯಲು ಹೊರಟು ತಡೆದುಕೊಂಡಂಥ ತುಟಿ. ಪೂರ್ತಿ ಅತ್ತಿಗೆಯಲ್ಲ. ಆದರೆ ಬಾಗಿಲಲ್ಲಿ ಬೆನ್ನಿಗೆ ಬೆಳಕಿಟ್ಟು ಅತ್ತಿಗೆ ನಿಂತರೆ ಹೀಗೇ ಕಾಣುತ್ತಿದ್ದಳು. ಅವನು ಮೇಜು ಹಿಡಿದುಕೊಂಡು ಕೂತ. ಅವಳು ಹೋದ ಮೇಲಿನ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವಳಿಗಾಗಿ ಅತ್ತ, ಸದ್ದಿಲ್ಲದೆ.

ಫ್ಯಾನಿನ ಇಳಿತಕ್ಕೆ ಅಣ್ಣನಿಗೆ ಎಚ್ಚರವಾಗಿತ್ತು. ಗೋಡೆ ಸವರುತ್ತ ಬಂದು ಕುರ್ಚಿ ಹಿಡಿದ. "ನನ್ನ ಬಿಟ್ಟು ಓಡಿಸ್ತಿದೀಯಾ ಕಳ್ಳ! ಹೇಳು."

ಅವನು ಹೇಳಿದ. ಅಂದು ಒಂದು ಮಾತನ್ನೂ ಕೂಡಿಸಲಿಲ್ಲ. ಆರನೆಯ ಬೆರಳನ್ನೂ ಬಿಡಲಿಲ್ಲ.

ಅಣ್ಣನ ಹುಬ್ಬು ಗಂಟಿಕ್ಕಿತು. "ಮೂಗು ಅಗಲ ಅಂದ್ಯಾ?"

"ಸ್ವಲ್ಪ."

"ಮಚ್ಚೆ?"

"ಇದರಲ್ಲಿ ಇಲ್ಲ."

"ಇವಳು ಯಾರೋ?" ಅಣ್ಣ ಪರದೆಯ ಕಡೆಗೆ ಕೈ ಚಾಚಿದ. "ಇಷ್ಟು ದಿನ ಚೆನ್ನಾಗಿ ಬರ್ತಿದ್ದಳಲ್ಲ! ಏನು ಮಾಡಿದೆ? ನಿನ್ನೆಯವಳೆಲ್ಲಿ?"

"ಅಣ್ಣ, ಮೊದಲು ನೀನೇ ಹೇಳಿದ್ದು, ಮೂಗು ಅಗಲ ಅಂತ..."

"ಆಗ ನನಗೆ ಮರೆತಿತ್ತು! ನೀನು ಹೇಳ್ತಾ ಹೋದ ಮೇಲೆ ತಾನೇ ಸರಿಯಾಗಿ ನೆನಪಾಗಿದ್ದು." ಅಣ್ಣ ತಡಕಾಡಿ ಅವನ ತೋಳು ಹಿಡಿದ. ಹಿಡಿತ ನೋಯುವಷ್ಟು ಬಿಗಿಯಿತ್ತು. "ಲೋ, ನನಗೆ ಉಳಿದಿರೋದು ಅದೊಂದೇ ಮುಖ ಕಣೋ. ಅದನ್ನ ಕೆಡಿಸಬೇಡ."

ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು. ಹೇಳಿದರೆ ಅಣ್ಣನ ಬಳಿ ಒಂದು ಮುಖವೂ ಉಳಿಯುವುದಿಲ್ಲ. ಹಳೆಯದನ್ನು ತಾನು ಅಳಿಸಿಯಾಗಿದೆ, ಹೊಸದನ್ನು ಈಗ ಕಿತ್ತುಕೊಂಡಂತಾಗುತ್ತದೆ.

"ಸರಿ ಮಾಡ್ತೀನಿ," ಎಂದ.

ನಾಲ್ಕು ದಿನ ಹಿಡಿಯಿತು. ಕಡತದಲ್ಲಿದ್ದ ತನ್ನ ಸುಳ್ಳುಗಳನ್ನು ಒಂದೊಂದಾಗಿ ಟೈಪ್ ಮಾಡಿದ: ನೇರ ಮೂಗು, ಒಂದು ಕಡೆ ಓರೆಯಾದ ನಗು, ಎಡಹುಬ್ಬಿನ ಮಚ್ಚೆ. ಕೊನೆಗೆ ಬೆರಳೂ ಐದೇ ಬಂದವು. ಅಣ್ಣ ವರ್ಣನೆ ಕೇಳಿ, "ಹಾಂ, ಇವಳೇ. ಬಂದ್ಲು," ಅಂದ. ಅಂಗಡಿಯಲ್ಲಿ ದೊಡ್ಡದಾಗಿ ಮುದ್ರಿಸಿ ತಂದು ಮೇಜಿನ ಮೇಲೆ ಹರಡಿದರು.

ಗುಬ್ಬಿ ಬ್ಯಾಗು ಹೆಗಲಿಂದ ಇಳಿಸದೆ ನಿಂತು ನೋಡಿದಳು.

"ಅಮ್ಮ ಇಷ್ಟು ಚೆನ್ನಾಗಿದ್ಲಾ?"

"ಮತ್ತೆ! ನಿನಗೆ ನನ್ನ ಮೂತಿ ಬಂದಿದ್ದು ನಿನ್ನ ಹಣೆಬರಹ," ಎಂದು ಅಣ್ಣ ನಕ್ಕ. ಅಷ್ಟು ಜೋರಾಗಿ ಅವನು ನಕ್ಕು ವರ್ಷಗಳಾಗಿದ್ದವು.

ಅವಳು ಗೋಡೆಯ ಕನ್ನಡಿಯ ಮುಂದೆ ಹೋಗಿ ತನ್ನ ಎಡಹುಬ್ಬನ್ನು ಬೆರಳಿನಿಂದ ಸವರಿ ನೋಡಿಕೊಂಡಳು. ಅವಳ ಮೂಗು ಅಗಲವಾಗಿತ್ತು. ಅದನ್ನು ಅವಳು ಗಮನಿಸಲಿಲ್ಲ.

ಆಮೇಲೆ ಪಾತ್ರೆ ತೊಳೆಯುತ್ತಿದ್ದ ಅವನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳಿದಳು. "ಚಿಕ್ಕಪ್ಪಾ, ನಿಜ ಹೇಳು. ಅಪ್ಪನ್ನ ಸಮಾಧಾನ ಮಾಡೋಕೆ ಅಲ್ಲ ತಾನೆ? ಹೀಗೇ ಇದ್ಲಾ?"

ನಲ್ಲಿಯ ನೀರು ಹರಿಯುತ್ತಿತ್ತು. ಅವನು ಒಂದು ತಟ್ಟೆಯನ್ನು ಎರಡನೆಯ ಸಲ ತೊಳೆದ.

"ಹೂಂ. ಹೀಗೇ."

ಗುಬ್ಬಿ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತನ್ನ ಹಾಸಿಗೆಯ ಎದುರಿನ ಗೋಡೆಗೆ ತೂಗುಹಾಕಿದಳು. ಅಣ್ಣ ಆಮೇಲೆ ನಾಲ್ಕು ವರ್ಷ ಬದುಕಿದ್ದ. ಆಗಾಗ ಆ ಕೋಣೆಗೆ ಹೋಗಿ, ಗಾಜಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಹತ್ತೊಂಬತ್ತು ದಿನ ಪರದೆ ಬರೀ ಕಪ್ಪಾಗಿತ್ತು ಎಂದು ಅವನು ಅಣ್ಣನಿಗೆ ಹೇಳಲಿಲ್ಲ. ಅವಳ ಅಮ್ಮನಿಗೆ ಮಚ್ಚೆ ಇರಲಿಲ್ಲ ಎಂದು ಗುಬ್ಬಿಗೂ ಹೇಳಲಿಲ್ಲ.