ನಿನ್ನೆಯ ಬಿಸಿಲು

"ಕಾರು ಕಳಿಸಿದ್ದೀನಿ, ಬರ್ತಾರೆ. ಬಂದ ಮೇಲೆ ಒಳ್ಳೆ ಕುರ್ಚಿ ಹಾಕಿ ಕೂರಿಸ್ತೀನಿ. ಕೈಯಾರೆ ಚಹಾ ಕೊಡ್ತೀನಿ. ಆಮೇಲೆ ಊರೆಲ್ಲ ನೋಡ್ತಾ ಇರೋವಾಗ ಆ ಪೆಟ್ಟಿಗೆ ಮುಂದೆ ನಿಲ್ಲಿಸ್ತೀನಿ," ಎಂದರು ಅತ್ತಿಗೆ, ಕೈಯಲ್ಲಿದ್ದ ಕರವಸ್ತ್ರವನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತ.

"ನಿಲ್ಲಿಸಿ?"

"ಓದಿ ಅಂತೀನಿ. ಅಷ್ಟೇ."

ಅಷ್ಟೇ ಎನ್ನುವವರ ಮಾತು ಯಾವತ್ತೂ ಅಷ್ಟಕ್ಕೇ ನಿಂತದ್ದಿಲ್ಲ. ನನ್ನ ಅತ್ತಿಗೆ ಊರಿನ ಹವಾಮಾನ ಕಚೇರಿಯ ಮುಖ್ಯಸ್ಥೆ. ಅವರ ಕೋಣೆಯ ಕಿಟಕಿಯಿಂದ ನೋಡಿದರೆ ಹುಲ್ಲಿನ ಅಂಗಳ, ಅಂಗಳದ ಸುತ್ತ ಮುಳ್ಳುತಂತಿ ಬೇಲಿ, ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ಗಾಳಿ ಆಡಲೆಂದು ಅದರ ಗೋಡೆಗಳಿಗೆ ಸೀಳು ಹಲಗೆ ಬಡಿದಿದ್ದಾರೆ. ಊರಿನ ಬಿಸಿಲೆಷ್ಟು ಎಂದು ಹೇಳುವ ಗಾಜಿನ ಕಡ್ಡಿಗಳು ಅದರೊಳಗಿವೆ. ಅವರೇ ಹೇಳಿಕೊಟ್ಟದ್ದು ಇದು: ಒಂದು ನಿಂತ ಕಡ್ಡಿ, ಒಂದು ಮಲಗಿದ ಕಡ್ಡಿ. ನಿಂತದ್ದು ಈ ಕ್ಷಣದ ಬಿಸಿ ತೋರಿಸುತ್ತದೆ, ಏರುತ್ತದೆ, ಇಳಿಯುತ್ತದೆ. ಮಲಗಿದ್ದು ಹಾಗಲ್ಲ, ಹಠಮಾರಿ. ದಿನದಲ್ಲಿ ಎಷ್ಟು ಮೇಲೆ ಹೋಯಿತೋ ಅಲ್ಲೇ ಕೂತುಬಿಡುತ್ತದೆ. ಮಾರನೆಯ ಬೆಳಿಗ್ಗೆ ಯಾರಾದರೂ ಕೈಗೆತ್ತಿಕೊಂಡು, ಜ್ವರದ ಕಡ್ಡಿಯನ್ನು ಕೊಡವುವ ಹಾಗೆ ಬೀಸಿ ಕೊಡವಿದರೆ ಮಾತ್ರ ಕೆಳಗಿಳಿಯುತ್ತದೆ. ಕೊಡವದೆ ಬಿಟ್ಟರೆ ನಿನ್ನೆಯ ಬಿಸಿಲನ್ನೇ ಇವತ್ತಿನದೆಂದು ತೋರಿಸುತ್ತದೆ.

ನನಗೆ ಇದರ ನಂಟು ಏನೆಂದರೆ, ನಾನು ಪತ್ರಿಕೆಯಲ್ಲಿ 'ಅಂದು ಇಂದು' ಅಂತ ದಿನಾ ಒಂದು ತುಂಡು ಅಂಕಣ ಬರೆಯುತ್ತೇನೆ. ಇವತ್ತಿನ ಬಿಸಿಲೆಷ್ಟು, ಇದೇ ತಾರೀಕಿಗೆ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು, ಇಷ್ಟೇ ಅದರ ಹೂರಣ. ಜನಕ್ಕೆ ಅದರ ಮೇಲೆ ಎಂಥ ಪ್ರೀತಿ ಅಂತೀರಿ. ಒಬ್ಬ ಅಜ್ಜಿ ಫೋನು ಮಾಡಿ, "ನನ್ನ ಮದುವೆ ದಿನ ನಿಜವಾಗ್ಲೂ ಅಷ್ಟು ಸೆಕೆ ಇತ್ತೇನಪ್ಪ, ಇಲ್ಲ ನಮ್ಮನೆಯವರ ಮುಖ ನೋಡಿ ನನಗೆ ಬೆವರು ಬಂದಿದ್ದಾ?" ಎಂದು ಕೇಳಿದ್ದರು. ಹುಡುಕಿ ನೋಡಿದೆ, ಆ ದಿನ ಊರು ತಣ್ಣಗಿತ್ತು. ಹೇಳಲಿಲ್ಲ.

ಆದರೆ ಒಂದು ತಾರೀಕು ಬಂದಾಗ ಮಾತ್ರ ಪ್ರತಿ ವರ್ಷ ನಾನು ಒಂದು ಅಂಕಿಯ ಜಾಗದಲ್ಲಿ ಗೆರೆ ಹಾಕಬೇಕು. ಆ ಗೆರೆ ನನ್ನ ಅಣ್ಣ.

ಅಣ್ಣ ಇದೇ ಕಚೇರಿಯಲ್ಲಿ ಕಡ್ಡಿ ಓದುವ ಕೆಲಸದಲ್ಲಿದ್ದ. ಆ ಬೇಸಿಗೆಯಲ್ಲಿ ಒಂದು ದಿನ ನಲವತ್ತೊಂದು ಪಾಯಿಂಟ್ ಆರು ಬಂತು, ಊರಿನ ಚರಿತ್ರೆಯಲ್ಲೇ ಹೆಚ್ಚು. ಮಾರನೆಯ ದಿನವೂ ಅಷ್ಟೇ ಬಂತು, ಒಂದು ಕೂದಲೆಳೆ ಆಚೀಚೆ ಇಲ್ಲ. ಆಗಿನ ಮುಖ್ಯಸ್ಥರನ್ನು ಕಚೇರಿಯವರು ಬೆನ್ನ ಹಿಂದೆ ಕೆಂಪುಶಾಯಿ ಎನ್ನುತ್ತಿದ್ದರು. ಅವರು ಎಲ್ಲರೆದುರು ಅಣ್ಣನನ್ನು ಕರೆಸಿ, "ಪ್ರಕೃತಿ ಕಾರ್ಬನ್ ಕಾಪಿ ತೆಗೆಯಲ್ಲ ಕಣಪ್ಪ. ನೀನು ಬೆಳಿಗ್ಗೆ ಕೊಡವಿಲ್ಲ," ಎಂದರು. ಅಣ್ಣ ಕೊಡವಿದ್ದೆ ಎಂದ. ನೀವೇ ಬಂದು ಪಕ್ಕದ ನಿಂತ ಕಡ್ಡಿ ನೋಡಿ ಸಾರ್, ಅದು ಈಗಲೂ ನಲವತ್ತೊಂದರ ಮೇಲಿದೆ ಎಂದು ಕೈ ಮುಗಿದ. ಅಗತ್ಯವಿಲ್ಲ ಎಂದು ಹೇಳಿ ಅವರು ಆ ದಿನದ ಇಡೀ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಬಡವನ ಕೋಪ ದವಡೆಗೆ ಮೂಲ. ಅಣ್ಣ ಹಲ್ಲು ಕಚ್ಚಿ ಕೂತ.

ಅವತ್ತಿನಿಂದ ಅವನ ಹೆಸರು ನಿನ್ನೆಪ್ಪ. ನಿನ್ನೆಪ್ಪ, ಇವತ್ತು ಸಂಬಳ ನಿನ್ನೆದಾ ಇವತ್ತಿನದಾ. ನಿನ್ನೆಪ್ಪ, ತಂಗಳನ್ನ ತಂದಿದ್ದೀಯಾ. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಪ್ರತಿ ಬೆಳಿಗ್ಗೆ ಕಡ್ಡಿ ಕೊಡವುವಾಗ ಕಾವಲುಗಾರನನ್ನು ಕೂಗಿ ಸಾಕ್ಷಿಗೆ ನಿಲ್ಲಿಸಿಕೊಳ್ಳತೊಡಗಿದ. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ನರ್ಸಮ್ಮ ಜ್ವರದ ಕಡ್ಡಿ ಬಾಯಿಗಿಡಲು ಬಂದರೆ, ಅವರ ಕೈ ಹಿಡಿದು, "ಕೊಡವಿದ್ರಾ ತಾಯಿ?" ಎಂದನಂತೆ. ಅತ್ತಿಗೆ ಇದನ್ನು ಹೇಳುವಾಗ ಅಳುವುದಿಲ್ಲ. ಅಳುವವರಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅವನು ಹೋದ ಮೇಲೆ ಅವನ ಕೆಲಸ ಅತ್ತಿಗೆಗೆ ಸಿಕ್ಕಿತು. ಸಂಜೆ ಕಾಲೇಜಿಗೆ ಹೋಗಿ ಓದಿದರು, ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದರು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಕೆಂಪುಶಾಯಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು. ಕೂತ ಮೇಲೆ ಗೊತ್ತಾಯಿತು, ಆ ಕುರ್ಚಿಗೂ ಆ ಗೆರೆ ಅಳಿಸುವ ಅಧಿಕಾರವಿಲ್ಲ. ಎಳೆದವರೇ ತಪ್ಪಾಯಿತು ಎಂದು ಹೇಳಬೇಕು. ಅತ್ತಿಗೆ ಮೂರು ಸಲ ಅವರ ಮನೆಗೆ ಹೋಗಿ ಬೇಡಿದರು. ಮೂರು ಸಲವೂ ಒಂದೇ ಉತ್ತರ: "ನಿನ್ನ ಗಂಡ ಕೊಡವಿರಲಿಲ್ಲಮ್ಮ."

ಬೇಡುವುದು ಮುಗಿದಿತ್ತು.

ನಿನ್ನೆ ಊರಿನ ಹಳೆಯ ದಾಖಲೆ ಮುರಿಯಿತು: ನಲವತ್ತೊಂದು ಪಾಯಿಂಟ್ ಎಂಟು. ಇವತ್ತು ಇನ್ನೂ ಏರಬಹುದೆಂದು ಟಿವಿಯವರು ನೇರ ಪ್ರಸಾರಕ್ಕೆ ಕ್ಯಾಮೆರಾ ಹೊತ್ತು ಬರುವವರಿದ್ದರು. ಹಳೆಯ ದಾಖಲೆಯ ಕಾಲದ ಸಾಹೇಬರೇ ಬಂದು ಹೊಸ ದಾಖಲೆ ಓದಿದರೆ ಎಷ್ಟು ಚೆನ್ನ ಎಂದು ಟಿವಿಯವರ ತಲೆಗೆ ತುಂಬಿದ್ದು ಅತ್ತಿಗೆ. ಆದರೆ ರಾತ್ರಿಯೇ ಗಾಳಿ ತಿರುಗಿತ್ತು. ಬೆಳಿಗ್ಗೆಯಿಂದ ತೆಳು ಮೋಡ. ಮೋಡ ಬರುತ್ತದೆಂದು ಊರಲ್ಲಿ ಮೊದಲು ಗೊತ್ತಾಗುವುದು ಯಾರಿಗೆ ಎಂದು ನಾನು ಹೇಳಬೇಕಾಗಿಲ್ಲ.

"ಅತ್ತಿಗೆ," ಎಂದೆ. "ಇವತ್ತು ಬೆಳಿಗ್ಗೆ ಮಲಗಿದ ಕಡ್ಡಿ ಕೊಡವಿದ್ರಾ?"

"ಇಲ್ಲ."

"ಮರೆತ್ರಾ?"

"ಮರೆಯೋ ಮನೆತನ ಅಲ್ಲ ನಮ್ಮದು." ಕರವಸ್ತ್ರವನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಇಸ್ತ್ರಿ ಮಾಡಿದರು. "ಅದು ನಿನ್ನೆಯ ಎಂಟನ್ನೇ ತೋರಿಸುತ್ತೆ. ಅವರು ಅದನ್ನೇ ಇವತ್ತಿನದು ಅಂತ ಓದ್ತಾರೆ. ಪಕ್ಕದ ಕಡ್ಡಿ ನೋಡೋ ಜಾತಿ ಅಲ್ಲ ಅದು. ಆಗ ಕ್ಯಾಮೆರಾ ಮುಂದೆ ನಾನು ಹೇಳ್ತೀನಿ, ಇದು ನಿನ್ನೆಯ ಬಿಸಿಲು ಸಾರ್, ನೋಡಿಕೊಳ್ಳಲಿಲ್ವಾ ಅಂತ. ನಾಳೆಯಿಂದ ಊರಿಗೆ ಹೊಸ ನಿನ್ನೆಪ್ಪ ಸಿಗ್ತಾನೆ."

"ಕೊಡವದೆ ಬಿಟ್ಟಿದ್ದು ನೀವು ಅಂತ ಗೊತ್ತಾದ್ರೆ? ಇವತ್ತಿನ ಲೆಕ್ಕವೇ ಹಾಳಲ್ವಾ?"

"ಒಂದು ದಿನದ ಸಾಲು ತಾನೇ ಹೋಗೋದು. ಹೋಗಲಿ. ನಿಮ್ಮಣ್ಣಂದು ಬಾಳೇ ಹೋಯ್ತು. ಮೈದುನಪ್ಪಾ, ನಿಮಗೆ ಹೆದರಿಕೆ ಇದ್ರೆ ಮನೆಗೆ ಹೋಗಿ ಫ್ಯಾನಿನ ಕೆಳಗೆ ಮಲಗಿ."

ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಹೋಗುವ ಮನಸ್ಸೂ ಇರಲಿಲ್ಲ. ಕೆಂಪುಶಾಯಿ ಮುಖ ಸಣ್ಣ ಮಾಡಿಕೊಳ್ಳುವುದನ್ನು ನಾನೂ ಕಣ್ಣಾರೆ ನೋಡಬೇಕಿತ್ತು.

ಮಧ್ಯಾಹ್ನ ಕಾರು ಬಂತು. ನನ್ನ ಮನಸ್ಸಿನಲ್ಲಿದ್ದ ಕೆಂಪುಶಾಯಿಗೆ ದಪ್ಪ ಮೀಸೆ, ದಪ್ಪ ಕತ್ತು. ಇಳಿದು ಬಂದವರು ಒಣಗಿದ ನುಗ್ಗೇಕಾಯಿಯಂಥ ಮುದುಕರು. ಕೋಟಿನ ಕಾಲರಿನಲ್ಲಿ ಕತ್ತು ಕಡ್ಡಿಯ ಹಾಗೆ ಅಲ್ಲಾಡುತ್ತಿತ್ತು. ಡ್ರೈವರ್ ತೋಳು ಹಿಡಿದು ಕೂರಿಸಿದ. ಅತ್ತಿಗೆ ಹೇಳಿದಂತೆ ಕೈಯಾರೆ ಚಹಾ ಕೊಟ್ಟರು, ಸಕ್ಕರೆ ಎಷ್ಟು ಎಂದೂ ಕೇಳಿದರು. ಹೇಗಿತ್ತೆಂದರೆ, ಬಲಿಗೆ ಮೊದಲು ಮೈ ತಡವಿದ ಹಾಗೆ.

"ನಿಮ್ಮ ಅಂಕಣ ದಿನಾ ಓದಿಸಿಕೊಳ್ತೀನಪ್ಪ," ಎಂದರು ನನಗೆ. ಆ ಮಾತಿನ ತೂಕ ಆಗ ನನಗೆ ತಟ್ಟಲಿಲ್ಲ.

ಡ್ರೈವರ್ ಕಾರನ್ನು ನೆರಳಿಗೆ ಹಾಕಲು ಹೋದ. ಟಿವಿ ಹುಡುಗಿ ಮೈಕು ಹಿಡಿದು, ಐತಿಹಾಸಿಕ ಕ್ಷಣ ಅಂತ ನಾಲ್ಕು ಸಲ ಹೇಳಿ, ಸಾಹೇಬರನ್ನು ಪೆಟ್ಟಿಗೆಯ ಹತ್ತಿರ ಕರೆತಂದಳು. ಅತ್ತಿಗೆ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು. ಸಾಹೇಬರು ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಸುಮಾರು ಹೊತ್ತು ಹಾಗೇ ಇದ್ದರು.

"ನಿನ್ನೆ ಎಷ್ಟಮ್ಮ ಇದ್ದಿದ್ದು?" ಎಂದರು ಹುಡುಗಿಗೆ, ಪೆಟ್ಟಿಗೆಯೊಳಗಿಂದಲೇ.

"ನಲವತ್ತೊಂದು ಪಾಯಿಂಟ್ ಎಂಟು ಸಾರ್. ಇವತ್ತು ಇನ್ನೂ ಜಾಸ್ತಿ ಅಂತ ಜನ ಕಾಯ್ತಾ ಇದ್ದಾರೆ."

"ಹೂಂ." ಸಾಹೇಬರು ಸೊಂಟ ನೆಟ್ಟಗೆ ಮಾಡಿಕೊಂಡು ಕ್ಯಾಮೆರಾದ ಕಡೆ, ಅಂದರೆ ಕ್ಯಾಮೆರಾ ಇರಬಹುದು ಅಂದುಕೊಂಡ ಕಡೆ, ತಿರುಗಿದರು. "ನಲವತ್ತೆರಡು ಪಾಯಿಂಟ್ ಒಂದು. ಮತ್ತೆ ಹೊಸ ದಾಖಲೆ."

ಅತ್ತಿಗೆ ವರ್ಷಗಟ್ಟಲೆ ಅರೆದು ನುಣ್ಣಗೆ ಮಾಡಿಟ್ಟುಕೊಂಡ ವಾಕ್ಯ ಈಗ ಹೊಂದುತ್ತಲೇ ಇರಲಿಲ್ಲ. ಆ ಅಂಕಿ ನಿನ್ನೆಯದೂ ಅಲ್ಲ, ಇವತ್ತಿನದೂ ಅಲ್ಲ. ಗಾಜಿನ ಮೇಲೆ ಎಲ್ಲೂ ಇರಲೇ ಇಲ್ಲ. ಬಲೆ ಬೀಸಿದ್ದು ಮೀನಿಗೆ, ಸಿಕ್ಕಿದ್ದು ಮೊಸಳೆ.

"ನೀನು ಓದಮ್ಮ," ಎಂದರು ಅತ್ತಿಗೆ, ಹುಡುಗಿಗೆ.

"ನಾನಾ? ನನಗೆ ಇದೆಲ್ಲ ಬರಲ್ಲ ಮೇಡಂ."

"ಮನೇಲಿ ಯಾರದ್ದಾದ್ರೂ ಜ್ವರ ನೋಡಿದ್ದೀಯಲ್ಲ. ಹಾಗೇ. ಬೆಳ್ಳಿ ಗೆರೆ ಎಲ್ಲಿ ನಿಂತಿದೆ ಹೇಳು."

ಹುಡುಗಿ ಬಗ್ಗಿದಳು. "ನಲವತ್ತೊಂದು... ಎಂಟು. ನಿನ್ನೆಯಷ್ಟೇ ಇದೆಯಲ್ಲ ಮೇಡಂ."

ಸಾಹೇಬರು ತಬ್ಬಿಬ್ಬಾಗುತ್ತಾರೆ ಅಂದುಕೊಂಡೆ. ಇಲ್ಲ; ಮುಖ ಅರಳಿತು. ಕಣ್ಣು ಹೋದರೂ ಒಳಗಿನ ಅಧಿಕಾರಿ ಹೋಗಿರಲಿಲ್ಲ. "ನಿನ್ನೆಯಷ್ಟೇನಾ? ಹಾಗಾದ್ರೆ ಕೊಡವಿಲ್ಲ. ಗಂಡನಿಗೆ ತಕ್ಕ ಹೆಂಡತಿ. ಆ ಮನೆಯವರ ಕೈಗೇ ಅದು ಬರಲ್ಲ."

"ಹೌದು, ಕೊಡವಿಲ್ಲ," ಎಂದರು ಅತ್ತಿಗೆ. ದನಿ ತಣ್ಣಗಿತ್ತು. "ಬೇಕಂತಲೇ ಕೊಡವಿಲ್ಲ, ನಿಮಗೋಸ್ಕರ. ಈಗ ಒಂದು ಹೇಳಿ ಸಾರ್. ಕೊಡವಿಲ್ಲ ಅನ್ನೋದನ್ನ ಖಚಿತ ಮಾಡಿಕೊಳ್ಳೋದು ಹೇಗೆ? ಈ ಹುಡುಗಿಗೆ ಪಾಠ ಹೇಳಿ."

"ಅದರಲ್ಲೇನಿದೆ. ಪಕ್ಕದಲ್ಲಿ ನಿಂತ ಕಡ್ಡಿ ಇದೆ. ಅದು ಈಗ ಎಷ್ಟು ತೋರಿಸುತ್ತೆ ನೋಡಬೇಕು. ತುಂಬಾ ಕಡಿಮೆ ಇದ್ರೆ ಕೊಡವಿಲ್ಲ ಅಂತ ಅನುಮಾನ ಪಡಬೇಕು."

"ಎಷ್ಟಿದೆಯಮ್ಮ?" ಎಂದು ಅತ್ತಿಗೆ ಹುಡುಗಿಯನ್ನು ಕೇಳಿದರು.

"ಮೂವತ್ತೇಳು," ಎಂದಳು ಹುಡುಗಿ.

"ನೋಡಿದ್ರಾ," ಎಂದರು ಸಾಹೇಬರು, ಗೆದ್ದವರ ಹಾಗೆ.

"ನೋಡಿದೆ. ನನ್ನ ಗಂಡ ಕೈ ಮುಗಿದು, ಬಂದು ಅದನ್ನೇ ನೋಡಿ ಅಂದಿದ್ರು. ನೀವು ಬಂದ್ರಾ?"

ಸಾಹೇಬರ ಕೈ ಪೆಟ್ಟಿಗೆಯ ಕಾಲನ್ನು ಹುಡುಕಿ ಹಿಡಿದುಕೊಂಡಿತು.

"ಕೋಣೆಯಿಂದ ಇಲ್ಲಿಗೆ ಎಷ್ಟು ದೂರ ಸಾರ್? ಆಗ ನಿಮಗೆ ಕಣ್ಣೂ ಇತ್ತು. ಕಾಲೂ ಇತ್ತು."

"ಇತ್ತು."

"ಮತ್ತೆ ಯಾಕೆ ಬರಲಿಲ್ಲ?"

ಹುಡುಗಿಯ ಮೈಕು ಇಬ್ಬರ ನಡುವೆ ನಿಂತುಬಿಟ್ಟಿತ್ತು. ಸಾಹೇಬರು ನಾಲಿಗೆಯಿಂದ ತುಟಿ ಸವರಿಕೊಂಡರು. ಸುಳ್ಳು ಹುಡುಕುತ್ತಿದ್ದಾರೆ ಅನ್ನಿಸಲಿಲ್ಲ. ಆ ಮಧ್ಯಾಹ್ನವನ್ನೇ ನೆನೆಯುತ್ತಿದ್ದಂತೆ ಕಂಡರು. ಕೊನೆಗೆ, ಯಾರೋ ಮಗು ಕೇಳಿದ ಪ್ರಶ್ನೆಗೆ ಹೇಳುವಷ್ಟು ಸರಳವಾಗಿ ಹೇಳಿದರು:

"ಬಿಸಿಲಿತ್ತಮ್ಮ."

ಅತ್ತಿಗೆ ಅಲ್ಲಾಡಲಿಲ್ಲ. "ಕೇಳಿಸಲಿಲ್ಲ ಸಾರ್. ಇನ್ನೊಂದು ಸಲ, ಮೈಕಿನ ಹತ್ತಿರ."

"ತುಂಬಾ ಬಿಸಿಲಿತ್ತು. ಹಿಂದಿನ ದಿನ ಹೇಗಿತ್ತೋ ಹಾಗೇ. ಹೊರಗೆ ಕಾಲಿಡೋ ಹಾಗಿರಲಿಲ್ಲ."

ಅಂದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ಗೊತ್ತಾಯಿತು. ನಾನು ನೋಡಬೇಕೆಂದು ಕಾದಿದ್ದು ಅದನ್ನೇ, ಆ ಮುಖ ಸಣ್ಣಗಾಗುವುದನ್ನು. ನೋಡಿದೆ. ಹೊಟ್ಟೆ ತುಂಬುವ ಹಾಗೆ ನೋಡಿದೆ, ನನಗೇನೂ ಮರುಕ ಬರಲಿಲ್ಲ.

"ಆ ದಿನದ ಗೆರೆ ನಾನು ತೆಗೀತೀನಿ ಸಾರ್," ಎಂದರು ಅತ್ತಿಗೆ. "ಎಳೆದವರೇ ಹೇಳಬೇಕು ಅಂತ ನಿಯಮ. ಆ ದಿನವೂ ಅಷ್ಟೇ ಬಿಸಿಲಿತ್ತು ಅಂತ ನೀವೇ ಹೇಳಿದ್ದೀರಿ. ಊರೆಲ್ಲ ಕೇಳಿದೆ. ಇನ್ನು ನೀವು ಹೊರಡಬಹುದು."

ಕುರ್ಚಿ ಬೇಕಾ, ಡ್ರೈವರನ್ನು ಕರೆಯಲಾ ಎಂದು ಯಾರೂ ಕೇಳಲಿಲ್ಲ. ಹುಡುಗಿ ಕ್ಯಾಮೆರಾದವನ ಹತ್ತಿರ ಓಡಿದಳು. ಸಾಹೇಬರು ಕೈ ಮುಂದೆ ಚಾಚಿ, ಹುಲ್ಲನ್ನು ಕಾಲಿನಲ್ಲೇ ತಡವುತ್ತ ಹೊರಟರು.

"ಇವತ್ತಿನ ಜಾಗದಲ್ಲಿ ಏನು ಹಾಕಲಿ ಅತ್ತಿಗೆ?" ಎಂದೆ.

"ಗೆರೆ. ಮುಖ್ಯಸ್ಥೆ ಕೊಡವಿರಲಿಲ್ಲ ಅಂತ ಕೆಳಗೆ ಬರೀರಿ. ಅದಕ್ಕೆ ಮೇಲಿನವರು ಏನು ಮಾಡ್ತಾರೋ ಮಾಡಲಿ."

"ಕೆಲಸ ಹೋದ್ರೆ?"

"ಅದರಿಂದ ಆಗಬೇಕಾದ ಕೆಲಸ ಆಯ್ತಲ್ಲ."

ನಾನು ಅಂಗಳದ ಕಡೆ ನೋಡಿದೆ. "ಅತ್ತಿಗೆ, ಕಾರು ಆ ಕಡೆ ಇದೆ. ಅವರು ಬೇಲಿ ಕಡೆ ಹೋಗ್ತಾ ಇದ್ದಾರೆ."

"ಹೋಗಲಿ. ಬೇಲಿ ಎಲ್ಲೂ ಓಡಿಹೋಗಲ್ಲ," ಎಂದು ಅವರು ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಸಾಹೇಬರು ಬೇಲಿಯ ಉದ್ದಕ್ಕೂ ನಾಲ್ಕು ಹೆಜ್ಜೆ ಹೋದರು. ಕೋಟಿನ ತೋಳು ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಯಾರೋ ತೋಳು ಹಿಡಿದು ನಿಲ್ಲಿಸಿದ್ದಾರೆ ಅಂದುಕೊಂಡರೋ ಏನೋ, ಹಿಂದಿರುಗಿ ನೋಡದೆ, ಹಿಡಿದವರು ತಾವಾಗಿ ಬಿಡಲಿ ಎಂದು ತಲೆ ತಗ್ಗಿಸಿ ನಿಂತರು.