ಯಾರದೂ ಅಲ್ಲದ ಬಟ್ಟೆ

ಕತ್ತರಿಸಿದ ಮೊದಲ ತೋಳು ನೆಲಕ್ಕೆ ಬಿದ್ದಾಗ ವಿಸಾಲ್‌ಗೆ ಎದೆ ಹಗುರವಾಯಿತು. ಎರಡನೆಯದನ್ನು ಬೇಕೆಂದೇ ನಿಧಾನವಾಗಿ, ರುಚಿ ನೋಡುವವಳಂತೆ ಕತ್ತರಿಸಿದಳು. ಗಂಡಸರು ತೊಡುವ, ಪಾದದವರೆಗೆ ಇಳಿಬೀಳುವ ಗಲ್ಲಾಬಿಯಾ ಅದು. ಹೊಚ್ಚ ಹೊಸದು, ಕೆನೆಬಣ್ಣದ್ದು. ಇಸ್ತ್ರಿಯ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ.

ಇಸ್ತ್ರಿ ಅಂಗಡಿಯ ಅತೀಯಾ ಎಂದಿನಂತೆ ಮನೆಯ ಬಟ್ಟೆಗಳ ಜೊತೆ ಇದನ್ನೂ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದ.

"ತಗೊಳ್ಳಮ್ಮ. ಇದ್ಕೂ ಊರಿಗೆ ನಿಕಾಹ್‌ಗೆ ಹೋಗ್ಬೇಕು, ಸಂಜೆಯೊಳಗೆ ಬೇಕೇ ಬೇಕು ಅಂತ ನಿಮ್ಮ ಯಜಮಾನ್ರು ನನ್ನ ಜೀವ ತಿಂದ್ಬಿಟ್ರು. ಯಾರ ಮದುವೆ?"

"ಯಾರೋ ದೂರದವರದು" ಎಂದು ವಿಸಾಲ್ ಬಾಗಿಲು ಹಾಕಿಕೊಂಡಿದ್ದಳು. ನಾನೇ ಬಂದು ಒಯ್ಯುತ್ತೇನೆ ಎಂದು ಅವಳ ಗಂಡ ಸುಬ್ಹಿ ಹೇಳಿಹೋಗಿದ್ದು ಬಡಪಾಯಿ ಅತೀಯಾನಿಗೆ ಮರೆತೇಹೋಗಿತ್ತು. ವರ್ಷಗಳಿಂದ ಈ ಮನೆಯ ಬಟ್ಟೆ ಈ ಮನೆಗೇ ತಂದು ರೂಢಿ.

ಇದ್ಕೂ ಊರಿನ ವಿಧವೆಯೊಬ್ಬಳ ಜೊತೆ ಸುಬ್ಹಿಯ ಹೆಸರು ರಂಜಾನಿನಲ್ಲೇ ಓಣಿಯ ಹೆಂಗಸರ ಬಾಯಲ್ಲಿತ್ತು. ವಿಸಾಲ್ ಗಂಡನನ್ನೇ ಕೇಳಿಯೂ ಇದ್ದಳು. ಸುಬ್ಹಿ ಎದ್ದುಹೋಗಿ, ಮಲಗಿದ್ದ ಮಗಳು ಮರ್ವಾಳ ತಲೆಯ ಮೇಲೆ ಕೈಯಿಟ್ಟು, ಹಾಗೇನೂ ಇಲ್ಲ ಎಂದು ಆಣೆ ಮಾಡಿದ್ದ. ಅವಳು ನಂಬಿದ್ದಳು. ನಂಬಿ, ಆಡಿಕೊಂಡವರ ಜೊತೆ ಜಗಳವಾಡಿ ಬಂದಿದ್ದಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಹೆತ್ತ ಮಗುವಿನ ತಲೆ ಮುಟ್ಟಿ ಸುಳ್ಳು ಹೇಳಿದವನನ್ನು ಹೇಗೆ ಬಿಡುವುದು?

ತನ್ನದೊಂದು ಹಳೆಯ ತೋಳಿಲ್ಲದ ಅಂಗಿಯನ್ನು ಬಟ್ಟೆಯ ಮೇಲೆ ಹಾಸಿ, ಸುತ್ತ ಬೆರಳಗಲ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಸೊಂಟದಿಂದ ಕೆಳಗಿನದ್ದು ಒಂದೇ ಏಟಿಗೆ ಹೋಯಿತು. ಕತ್ತು ಅಗಲಿಸಿದಳು, ಕಂಕುಳ ಸುತ್ತ ಆಳವಾಗಿ ದುಂಡಗೆ ತೆಗೆದಳು. ಉಳಿದ ಬಟ್ಟೆಯಲ್ಲಿ ಓರೆಯಾಗಿ ಪಟ್ಟಿ ಕತ್ತರಿಸಿ ಅಂಚಿಗೆ ಕೊಟ್ಟು, ಮಿಷನ್ ತುಳಿಯತೊಡಗಿದಳು. ಇಷ್ಟು ನೇರವಾದ ಹೊಲಿಗೆ ಅವಳಿಗೆ ಯಾವತ್ತೂ ಬಿದ್ದಿರಲಿಲ್ಲ.

ಮಿಷನ್ನಿನ ಸದ್ದಿಗೆ ಅತ್ತೆ, ಹಜ್ಜಾ ಇನ್‌ಶಿರಾಹ್, ನಿದ್ದೆಯಿಂದೆದ್ದು ಬಂದಳು.

"ಅಯ್ಯೋ, ಅದು..." ಎಂದವಳು ಅಲ್ಲಿಗೇ ನುಂಗಿಕೊಂಡಳು.

"ಏನತ್ತೆ?"

"ಏನಿಲ್ಲ. ಬಟ್ಟೆ ಚೆನ್ನಾಗಿದೆ ಅಂದೆ."

ಹಾಗಾದರೆ ಮುದುಕಿಗೂ ಗೊತ್ತು. ವಿಸಾಲ್ ಮತ್ತೆ ಮಿಷನ್ ತುಳಿದಳು. ಅತ್ತೆ ಕಿಟಕಿಯ ಹತ್ತಿರ ಕೂತು, ತಲೆ ಎತ್ತದೆ ಮುಲೂಖಿಯಾ ಸೊಪ್ಪು ಬಿಡಿಸತೊಡಗಿದಳು.

ಮಧ್ಯಾಹ್ನದ ನಮಾಜು ಮುಗಿಯುತ್ತಿದ್ದಂತೆ ಸುಬ್ಹಿ ಇಸ್ತ್ರಿ ಅಂಗಡಿಯಿಂದ ಏದುಸಿರು ಬಿಡುತ್ತಾ ಬಂದ. ಹೊಸ ಕ್ಷೌರ, ಕತ್ತಿನ ತುಂಬ ಅತ್ತರು. ಮೀನು ಮಾರುವವನ ಮೈಯಲ್ಲಿ ಅವತ್ತು ಮೀನಿನ ವಾಸನೆಯೇ ಇರಲಿಲ್ಲ. ನೆಟ್ಟಗೆ ಕೋಣೆಗೆ ಹೋಗಿ ಬೀರು ತೆಗೆದ, ಹಾಸಿಗೆ ಎತ್ತಿ ನೋಡಿದ.

"ಏನ್ ಹುಡುಕ್ತಿದ್ದೀಯ, ಮರ್ವಾ ಅಪ್ಪ?"

"ಏನೂ ಇಲ್ಲ" ಎನ್ನುತ್ತಾ ಹೊರಬಂದವನು ಅಲ್ಲೇ ನಿಂತುಬಿಟ್ಟ. ಹೆಂಡತಿ ಹೊಸ ಅಂಗಿ ತೊಟ್ಟು, ಬರಿತೋಳುಗಳನ್ನು ಸೊಂಟಕ್ಕಿಟ್ಟು ನಿಂತಿದ್ದಳು. ಕೆಳಗೆ ಎರಡು ಉದ್ದ ತೋಳುಗಳು ಬಿದ್ದಿದ್ದವು.

"ಹೇಗಿದೆ? ಈ ಸೆಕೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?"

"ಬಟ್ಟೆ... ಎಲ್ಲಿಂದ ಬಂತು?"

"ಅತೀಯಾ ತಂದ್ಕೊಟ್ಟ. ನಿಮ್ಮೆಜಮಾನ್ರದ್ದು ಅಂದ. ಹುಚ್ಚ, ನನ್ನ ಗಂಡ ಹೊಸ ಬಟ್ಟೆ ಹೊಲಿಸಿದ್ರೆ ನಂಗೆ ಹೇಳ್ದೆ ಇರ್ತಾನಾ ಅಂದ್ಕೊಂಡೆ. ಯಾರದೂ ಅಲ್ಲ ಅಂತ ಕತ್ತರಿ ಹಾಕ್ದೆ." ಅವಳು ಎರಡು ಹೆಜ್ಜೆ ಹತ್ತಿರ ಬಂದಳು. "ನಿಂದಾ?"

ಹೌದು ಎಂದರೆ ಎಲ್ಲಿಗೆ, ಯಾಕೆ ಎಂಬುದೂ ಹೊರಬೀಳಬೇಕು. ಅವನು ತಾಯಿಯ ಕಡೆ ನೋಡಿದ. ತಾಯಿ ಸೊಪ್ಪು ನೋಡುತ್ತಿದ್ದಳು.

"ನಂದಲ್ಲ."

"ಆಣೆ ಇಡು."

"ಬಟ್ಟೆಗೆಲ್ಲ ಎಂಥಾ ಆಣೆ ಮಾರಾಯ್ತಿ!"

"ನಿಂಗೇನು ಹೊಸದಾ? ಮರ್ವಾ ಸ್ಕೂಲಿಂದ ಬಂದಿಲ್ಲ. ಅಮ್ಮ ಇದ್ದಾಳಲ್ಲ, ಅಮ್ಮನ ತಲೆ ಮೇಲೆ ಕೈ ಇಟ್ಟು ಹೇಳು."

ಸುಬ್ಹಿ ಕೈ ಎತ್ತಿದ. ಎತ್ತಿಯೇಬಿಟ್ಟ! ಹಜ್ಜಾ ಇನ್‌ಶಿರಾಹ್ ಸೊಪ್ಪಿನ ತಟ್ಟೆ ಬೀಳಿಸಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಹಿಂದೆ ಸರಿದಳು.

"ನನ್ನ ತಲೆ ಬೇಡ ಕಣೋ! ದೇವರಾಣೆಗೂ ನನ್ನ ತಲೆ ಬೇಡ!"

ಸುಬ್ಹಿಯ ಕೈ ಗಾಳಿಯಲ್ಲೇ ಉಳಿದಿತ್ತು. ವಿಸಾಲ್ ನಕ್ಕಳು. ಕೊಡ ಎತ್ತಿ ಕುಡಿದರೂ ಆರದ ದಾಹ ಒಂದೇ ಗುಟುಕಿಗೆ ಆರಿದಷ್ಟು ಸುಖವಾಯಿತು. ಅಳುವೂ ಬಂತು, ಅದನ್ನು ಅವನಿಗೆ ತೋರಿಸಲಿಲ್ಲ.

"ಮೊಮ್ಮಗಳ ತಲೆ ಆಗ್ತಿತ್ತು, ಅಲ್ವಾ ಅತ್ತೆ?" ಎಂದಳು. ಮುದುಕಿ ಬಗ್ಗಿ ಚೆಲ್ಲಿದ ಸೊಪ್ಪು ಆಯತೊಡಗಿದಳು.

ಕೆಳಗೆ ಓಣಿಯಲ್ಲಿ ಕಾರೊಂದು ಬಂದು ನಿಂತು, ಮದುವೆ ದಿಬ್ಬಣದ ತಾಳಕ್ಕೆ ಹಾರ್ನ್ ಹೊಡೆಯತೊಡಗಿತು. ಪಾಂ ಪಾಂ, ಪಾಂ ಪಾಂ ಪಾಂ. ಸುಬ್ಹಿಯ ಗೆಳೆಯರು.

"ಯಾರೋ ಮದುಮಗನ್ನ ಕರೀತಿದ್ದಾರೆ" ಎಂದು ವಿಸಾಲ್ ಗಂಡನಿಗೆ ಬೆನ್ನು ತಿರುಗಿಸಿ ನಿಂತಳು. ಅವನ ಎದೆಯ ಮೇಲೆ ಇರಬೇಕಾಗಿದ್ದ ಗುಂಡಿಗಳ ಸಾಲು ಈಗ ಅವಳ ಬೆನ್ನಿನ ಮೇಲಿತ್ತು. ಅಂಗಿಯನ್ನು ಹಿಂದುಮುಂದಾಗಿ ಹೊಲಿದಿದ್ದಳು. "ನಂಗೆ ಕೈ ಎಟುಕಲ್ಲ. ಹಾಕು."

ಅವನು ಬಾಗಿಲು ನೋಡಿದ. ಆಮೇಲೆ ಹತ್ತಿರ ಬಂದ. ಬೆರಳು ಬೆವರಿ, ಮೊದಲ ಗುಂಡಿಯೇ ತಪ್ಪು ತೂತಿಗೆ ಹೋಯಿತು. ಬಿಚ್ಚಿ ಮತ್ತೆ ಹಾಕಿದ. ಹಾರ್ನ್ ಇನ್ನೂ ಜೋರಾಯಿತು. ಕೆಳಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು.

"ಸರಿಯಾಗಿ ಹಾಕು" ಎಂದಳು ವಿಸಾಲ್. "ಅವಸರ ಏನೂ ಇಲ್ಲ."

ಹಜ್ಜಾ ಇನ್‌ಶಿರಾಹ್ ಗೋಡೆ ಹಿಡಿದು ಎದ್ದು, ಆ ಸೆಕೆಯಲ್ಲೂ, ಓಣಿಯ ಕಡೆಯ ಕಿಟಕಿ ಮುಚ್ಚಿದಳು.