ಹೊಕ್ಕುಳಬಳ್ಳಿ ಹೂತ ನೆಲ

ಶನಿವಾರ ಮಧ್ಯಾಹ್ನ ಕೋರಲ್ ಬೇ ಶಾಲೆಯ ಹಜಾರದಲ್ಲಿ ಸೇರಿದ ಊರವರ ಸಭೆಗೆ ರುಥಿಲ್ಡಾ ಟೀಚರ್ ಬಂದದ್ದು ಮಾತಾಡುವುದಕ್ಕಲ್ಲ, ಕೇಳುವುದಕ್ಕೆ. ಇದೇ ಶಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತಳಾದ ಆಕೆಯನ್ನು ಸೇಂಟ್ ಜಾನ್ ದ್ವೀಪದ ಜನ ಸಂವಿಧಾನ ಸಭೆಗೆ ಪ್ರತಿನಿಧಿಯಾಗಿ ಆರಿಸಿದ್ದರು. ಅಮೆರಿಕದ ಆಳ್ವಿಕೆಯಲ್ಲಿರುವ ಈ ವರ್ಜಿನ್ ದ್ವೀಪಗಳು ತಮ್ಮ ಸಂವಿಧಾನವನ್ನು ತಾವೇ ಬರೆದುಕೊಳ್ಳಬಹುದೆಂದು ವಾಷಿಂಗ್ಟನ್ನಿನ ಸಂಸತ್ತು ಕಾಯಿದೆ ಮಾಡಿ ಒಂದು ತಲೆಮಾರೇ ಸಂದಿತ್ತು. ಈವರೆಗೆ ಬರೆದ ಕರಡುಗಳೆಲ್ಲ ಬಿದ್ದುಹೋಗಿದ್ದವು. ಸೋಮವಾರ ಹೊಸ ಕರಡು ಮತಕ್ಕೆ ಬರಲಿತ್ತು. ತಲೆ ಎಣಿಸಿದವರ ಲೆಕ್ಕದಂತೆ ರುಥಿಲ್ಡಾ ಒಪ್ಪಿದರೆ ಅದು ಗೆಲ್ಲುತ್ತಿತ್ತು, ಒಪ್ಪದಿದ್ದರೆ ಇಲ್ಲ.

ಆಕೆಯ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಒಂದು ವಿಧಿ. ಈ ದ್ವೀಪಗಳಲ್ಲೇ ಹುಟ್ಟಿ, ತಂದೆತಾಯಿಗಳಲ್ಲಿ ಒಬ್ಬರಾದರೂ ಇಲ್ಲೇ ಹುಟ್ಟಿದವರಾಗಿದ್ದರೆ ಮಾತ್ರ ಅಂಥವರು ‘ಮೂಲದವರು’; ಮೂಲದವರ ಮನೆತನದ ಭೂಮಿಗೆ ತೆರಿಗೆಯಿಲ್ಲ. ಗುಡ್ಡಗಳ ಮೇಲೆ ಹೊರಗಿನ ಸಿರಿವಂತರ ಬಂಗಲೆಗಳೆದ್ದು, ನೆಲದ ಬೆಲೆ ಏರಿ, ತೆರಿಗೆ ಕಟ್ಟಲಾರದೆ ಎಷ್ಟೋ ಮನೆತನಗಳು ಅಜ್ಜಂದಿರ ಭೂಮಿಯನ್ನು ಕಳೆದುಕೊಂಡಿದ್ದವು. ಅದು ಹಗಲು ದರೋಡೆ. ಅದಕ್ಕೊಂದು ತಡೆ ಬೇಕಾಗಿತ್ತು ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆದರೆ ಆ ತಡೆಗೋಡೆಯ ಹೊರಗೆ ಆಕೆಯ ಅಕ್ಕ ಅರ್ನೆಸ್ಟಾ ಉಳಿಯುತ್ತಿದ್ದಳು.

ಅವರ ತಾಯಿ ಕಡಲಾಚೆಯ ಬೇರೆ ನಾಡಾದ ಟೊರ್ಟೋಲಾ ದ್ವೀಪದವಳು. ಮೊದಲ ಗಂಡ ತೀರಿಕೊಂಡ ಮೇಲೆ ಎಳೆಗೂಸು ಅರ್ನೆಸ್ಟಾಳನ್ನು ಮಡಿಲಲ್ಲಿಟ್ಟುಕೊಂಡು ದೋಣಿ ಹತ್ತಿ ಬಂದು ಕೋರಲ್ ಬೇಯ ಮೀನುಗಾರನನ್ನು ಮದುವೆಯಾದಳು. ಆಮೇಲೆ ಹುಟ್ಟಿದವಳು ರುಥಿಲ್ಡಾ. ಆ ಮೀನುಗಾರ ಸಾಯುವಾಗ ತನ್ನ ನೆಲವನ್ನು ಮಗಳು, ಮಲಮಗಳು ಎನ್ನದೆ ಇಬ್ಬರಿಗೂ ಸಮವಾಗಿ ಬಿಟ್ಟುಹೋದ. ಮೀನುಗಾರನಿಗೆ ತಿಳಿದ ನ್ಯಾಯ ಕರಡು ಬರೆದವರಿಗೆ ತಿಳಿಯಲಿಲ್ಲ.

ಸಭೆಯಲ್ಲಿ ಆ ವಿಧಿಯ ಪರವಾಗಿ ಎದ್ದುನಿಂತವನು ವಕೀಲ ಆಲ್ರಿಕ್, ಆಕೆಯ ಹಳೆಯ ವಿದ್ಯಾರ್ಥಿ, ಈಗ ಆಕೆಯಂತೆಯೇ ಪ್ರತಿನಿಧಿ. ಜನರ ಎದೆಗೆ ನಾಟುವಂತೆ ಮಾತಾಡುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

“ಮೂಲದವರು ಯಾರು ಅಂತ ಕಾನೂನು ಪುಸ್ತಕ ನೋಡ್ಬೇಕಾ? ಯಾರ ಹೊಕ್ಕುಳಬಳ್ಳಿ ಈ ಮಣ್ಣಲ್ಲಿ ಹೂತಿದೆಯೋ ಅವ್ರು ಈ ಮಣ್ಣಿನವ್ರು. ಅಷ್ಟೇ!”

ಹಜಾರ ಚಪ್ಪಾಳೆಯಿಂದ ತುಂಬಿತು. ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿದ್ದಾಗ ಅದನ್ನು ಅಂಗಳದ ಮರದ ಬುಡದಲ್ಲಿ ಹೂಳದ ಮನೆ ಅಲ್ಲಿ ಅಪರೂಪ. ಆ ಮರ ಮಗುವಿನದೇ ಎಂದು ಎಲ್ಲರೂ ಬಲ್ಲರು.

ಹಿಂದಿನ ಬೆಂಚಿನಿಂದ ಅರ್ನೆಸ್ಟಾ ಎದ್ದಳು. ಎಂಬತ್ತರ ಹತ್ತಿರದ ಮುದುಕಿ. ದನಿ ಮಾತ್ರ ದೋಣಿ ಕರೆಯುವವರದು.

“ಹಂಗಾದ್ರೆ ನಾನೂ ಈ ಮಣ್ಣಿನವ್ಳೇ ಆಯ್ತಲ್ಲಪ್ಪ! ನಮ್ಮಮ್ಮ ನನ್ನದನ್ನ ಬಟ್ಟೇಲಿ ಸುತ್ಕೊಂಡು ಬಂದು ಈ ಊರ ಜೆನಿಪ್ ಮರದ ಬುಡದಲ್ಲೇ ಹೂತಿದ್ದು. ಹೋದ ವರ್ಷ ಅದರ ಹಣ್ಣು ನೀನೂ ತಿಂದಿದೀಯ.”

ಜನ ನಕ್ಕರು. ಆಲ್ರಿಕ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. “ಮಿಸ್ ಅರ್ನೆಸ್ಟಾ, ನೀವು ನಮ್ಮವ್ರಲ್ಲ ಅಂತ ಯಾರಂದ್ರು? ಆದ್ರೆ ಕರಡಲ್ಲಿ ಇರೋದು ಹುಟ್ಟಿದ ಜಾಗ. ನೀವು ಹುಟ್ಟಿದ್ದು ಆ ಕಡೆ.”

“ಮತ್ತೆ ಹೊಕ್ಕುಳಬಳ್ಳಿ ಅಂತ ಯಾಕೆ ಬಾಯಿಬಿಟ್ಟೆ? ನಿನ್ನದು ಎಲ್ಲಿದೆ ಗೊತ್ತೇನೋ ನಿಂಗೆ? ನಿಮ್ಮಮ್ಮ ನೆವಿಸ್ ದ್ವೀಪದವ್ಳು. ನೀನು ಇಲ್ಲೇ ಹುಟ್ಟಿದ್ರೂ ಅದನ್ನ ಬಿಸ್ಕತ್ತಿನ ಡಬ್ಬೀಲಿ ಹಾಕಿ ತವರಿಗೆ ಕಳಿಸಿದ್ಲು. ಹಡಗಿಗೆ ಕೊಟ್ಟು ಬಂದವ್ಳು ನಾನೇ!”

ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ವಕೀಲ್ರೇ, ನೆವಿಸ್‌ಗೆ ಹೊರಡಿ!” ಎಂದು ಯಾರೋ ಕೂಗಿದರು. ಆಲ್ರಿಕ್ ಕೂಡ ನಕ್ಕುಬಿಟ್ಟ, ಅವನು ಕೆಟ್ಟವನಲ್ಲ. ಆದರೆ ನಗು ಮುಗಿದ ಮೇಲೂ ವಿಧಿ ಇದ್ದಲ್ಲೇ ಇತ್ತು. ರುಥಿಲ್ಡಾಗೆ ನಗು ಬರಲಿಲ್ಲ. ಇಷ್ಟು ಜನ ತಮ್ಮ ಮಣ್ಣಿನ ಗುರುತಿಗೆ ಚಪ್ಪಾಳೆ ತಟ್ಟಿ, ಹುಟ್ಟಿದ ಜಾಗವೆಂಬ ಬೇರೊಂದು ಗುರುತಿಗೆ ಒಪ್ಪಿಗೆ ಕೊಟ್ಟು ಮನೆಗೆ ಹೊರಟಿದ್ದರು.

ಬಾಗಿಲಲ್ಲಿ ಆಕೆ ಅವನನ್ನು ತಡೆದಳು. “ಆಲ್ರಿಕ್, ವಿಧಿಯ ಕೊನೆಗೆ ‘ಅಥವಾ ಎಳವೆಯಿಂದ ಇಲ್ಲೇ ಬೆಳೆದವರು’ ಅಂತ ಸೇರಿಸೋಣ. ನಾನು ಕಣ್ಣುಮುಚ್ಚಿ ಕೈ ಎತ್ತುತೀನಿ.”

“ಟೀಚರ್, ಸೇಂಟ್ ಕ್ರೊಯಿ ದ್ವೀಪದ ಪ್ರತಿನಿಧಿಗಳು ಒಂದು ಪದ ಮುಟ್ಟಿದ್ರೂ ಎದ್ದುಹೋಗ್ತಾರೆ. ನೀವೇ ಬಲ್ಲಿರಿ. ಇದು ಬಿದ್ರೆ ಮತ್ತೆ ವಾಷಿಂಗ್ಟನ್ನಿನವ್ರು ಬರೆದುಕೊಟ್ಟ ಕಾಯಿದೆ ಕೆಳಗೇ ನಾವು.” ಅವನ ಕಣ್ಣಲ್ಲಿ ನಿಜವಾದ ನೋವಿತ್ತು.

ಮನೆಯಲ್ಲಿ ಅರ್ನೆಸ್ಟಾ ಉಪ್ಪುಮೀನು ಬೇಯಿಸಿ, ಜಾನಿಕೇಕ್ ರೊಟ್ಟಿ ಕರಿದು ತಂಗಿಯ ಮುಂದಿಟ್ಟಳು.

“ರುಥಿ, ಸೋಮವಾರ ಹೂಂ ಅಂದುಬಿಡು.”

“ಅಕ್ಕ, ಏನು ಹೇಳ್ತಿದೀಯ ಗೊತ್ತಾ?”

“ಗೊತ್ತು. ಸಭೇಲಿ ಅವನ ಕಾಲೆಳೆದೆ, ಅದು ಬೇರೆ. ನಿನ್ನ ಪಾಲಾದ್ರೂ ಉಳೀಲಿ. ಆಮೇಲೆ ಇನ್ನೊಂದು.” ಅವಳು ಎದುರಿಗೆ ಕೂತಳು. “ನಮ್ಮದು ಅಂತ ಒಂದು ಸಂವಿಧಾನ ನಾನು ನೋಡಿ ಸಾಯ್ಬೇಕು ಕಣೆ. ಅದ್ರಲ್ಲಿ ನನ್ನ ಹೆಸರಿಲ್ದಿದ್ರೂ ಚಿಂತೆಯಿಲ್ಲ.”

ಇದೇ ಮಾತು ರುಥಿಲ್ಡಾಳ ಒಳಗನ್ನು ಸುಟ್ಟಿತು. ಬೇರೆ ಯಾರಾದರೂ ಹೇಳಿದ್ದರೆ ತ್ಯಾಗವೆಂದು ಮೆಚ್ಚಬಹುದಿತ್ತು. ಒಬ್ಬಳು ಮುದುಕಿ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡಲು ಸಿದ್ಧಳೆಂಬುದು ಅದನ್ನು ಕಸಿದುಕೊಳ್ಳುವವರಿಗೆ ಅನುಮತಿಯಲ್ಲ. ಅವಳ ಔದಾರ್ಯದ ಮೇಲೆ ಕಾನೂನು ಕಟ್ಟುವುದು ಕಾನೂನಿಗೇ ನಾಚಿಕೆ.

ಸೋಮವಾರ ಆಚೆ ದ್ವೀಪದ ರಾಜಧಾನಿ ಶಾರ್ಲೆಟ್ ಅಮಾಲಿಯ ಸಭಾಭವನದಲ್ಲಿ ಹೆಸರು ಕರೆದು ಮತ ಕೇಳಿದರು. ತನ್ನ ಸರದಿ ಬಂದಾಗ ರುಥಿಲ್ಡಾ ಎದ್ದುನಿಂತಳು.

“ಹಿಂದೆ ನಮ್ಮನ್ನಾಳಿದ ಡೆನ್ಮಾರ್ಕಿನವ್ರು ನಮ್ಮ ಅಜ್ಜ ಅಜ್ಜಿಯರನ್ನ ದ್ವೀಪಗಳ ಸಮೇತ ಅಮೆರಿಕಕ್ಕೆ ಮಾರಿದ್ರು. ನಿಮಗೆ ಒಪ್ಪಿಗೆಯೇ ಅಂತ ಒಬ್ಬರೂ ಕೇಳಲಿಲ್ಲ. ಆ ಅವಮಾನ ಮಕ್ಕಳಿಗೆ ಪಾಠ ಮಾಡಿದವಳು ನಾನು. ಲೇಖನಿ ನಮ್ಮ ಕೈಯಲ್ಲಿರುವಾಗ, ನಮ್ಮ ಜೊತೆ ಬೆಳೆದವರನ್ನ ಹೊರಗಿಟ್ಟು ನಾವೂ ಅದನ್ನೇ ಮಾಡೋದು ಬೇಡ. ಈ ಕರಡಿಗೆ ನನ್ನ ಮತ ಇಲ್ಲ.”

ಕರಡು ಒಂದೇ ಮತದಿಂದ ಬಿತ್ತು. ಪ್ರತಿನಿಧಿಗಳು ಕುರ್ಚಿ ಸರಿಸಿ ಎದ್ದರು.

ರೆಡ್ ಹುಕ್ ದಕ್ಕೆಯಿಂದ ಊರ ಕಡೆ ಹೊರಟ ಮಧ್ಯಾಹ್ನದ ದೋಣಿಗೆ ಸುದ್ದಿ ಆಕೆಗಿಂತ ಮೊದಲೇ ಹತ್ತಿತ್ತು. “ಗುಡ್ ಆಫ್ಟರ್‌ನೂನ್,” ಎಂದಳು ಆಕೆ, ಒಳಗೆ ಬಂದವರು ಎಲ್ಲರಿಗೂ ಹೇಳಲೇಬೇಕಾದಂತೆ. ಉತ್ತರವಿಲ್ಲ. ಈ ದ್ವೀಪಗಳಲ್ಲಿ ಬೈಗುಳಕ್ಕಿಂತ ದೊಡ್ಡ ಶಿಕ್ಷೆ ಅದು. ಮುಖಗಳು ಸಮುದ್ರದ ಕಡೆ ತಿರುಗಿದವು. ಅವುಗಳಲ್ಲಿ ಅರ್ಧ ಆಕೆ ಪಾಠ ಹೇಳಿದ ಮಕ್ಕಳವು.

“ಗುಡ್ ಆಫ್ಟರ್‌ನೂನ್, ಟೀಚರ್.” ಮೂಲೆಯಿಂದ ಆಲ್ರಿಕ್. ಅವನ ಕಣ್ಣುಗಳು ಕೆಂಪಾಗಿದ್ದವು. “ನಿಮ್ಮ ಮೇಲೆ ನಂಗೆ ಬಹಳ ಸಿಟ್ಟಿದೆ.”

“ಇರಲಿ ಮಗಾ. ಇರಬೇಕಾದ್ದೇ.”

ಅವನು ಪಕ್ಕದ ಜಾಗದಿಂದ ತನ್ನ ಚೀಲ ತೆಗೆದ. ಆಕೆ ಕೂತಳು.

ಸೇಂಟ್ ಜಾನಿನ ಕ್ರೂಜ್ ಬೇ ದಕ್ಕೆಯಲ್ಲಿ ಅರ್ನೆಸ್ಟಾ ಕಾಯುತ್ತಿದ್ದಳು. ಪಕ್ಕದ ಮನೆಯವರ ಟ್ರಕ್ಕಿನಲ್ಲಿ ಬಂದಿದ್ದಳು. ರೇಡಿಯೋ ಕೇಳಿದ್ದಳೆಂಬುದು ಮುಖದಲ್ಲೇ ಇತ್ತು.

“ನಾನು ಕೇಳ್ಕೊಂಡೆ. ನೀನು ಕೇಳಲಿಲ್ಲ.”

“ಹೌದು ಅಕ್ಕ.”

“ಇನ್ನೊಂದು ಬರೆಯೋಕೆ ಎಷ್ಟು ವರ್ಷ?”

“ಗೊತ್ತಿಲ್ಲ.”

“ಅಷ್ಟರಲ್ಲಿ ನಾನಿರಲ್ಲ.”

ರುಥಿಲ್ಡಾ ಸುಳ್ಳು ಸಮಾಧಾನ ಹೇಳಲಿಲ್ಲ. ಸುಳ್ಳು ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ. “ಇರದೆ ಹೋಗಬಹುದು,” ಎಂದಳು. “ಆದ್ರೆ ಬರೋ ಸಂವಿಧಾನದಲ್ಲಿ ನೀನು ಹೊರಗಿನವಳಾಗಿ ಇರಲ್ಲ.”

ಅರ್ನೆಸ್ಟಾ ತಂಗಿಯನ್ನು ನೋಡಿದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ತಂಗಿಯ ತೋಳು ಹಿಡಿದುಕೊಂಡು, ಮೆಟ್ಟಿಲು ಜಾರುತ್ತದೆ ಎಂದು ಗದರಿಸುತ್ತ, ಟ್ರಕ್ಕಿನ ಕಡೆಗೆ ನಡೆದಳು.